ಸುರ್ಕಿಗೆ ಹೋದ ಮಣ್ಣಿನ ನಾಯಿಗಳು

ಸುರ್ಕಿ ಎಂದರೇನು ಎಂದು ಈಗ ಮನೆ ಕಟ್ಟಿಸುವವರನ್ನು ಕೇಳಿದರೆ ಸುಮ್ಮನೆ ಮುಖ ನೋಡುತ್ತಾರೆ. ಸಿಮೆಂಟು ಪರ್ಮಿಟ್ಟಿನ ಮೇಲೆ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಸುಟ್ಟ ಇಟ್ಟಿಗೆಯ ಚೂರುಗಳನ್ನು ಕುಟ್ಟಿ, ಜರಡಿ ಹಿಡಿದು, ನುಣ್ಣಗಾದ ಕೆಂಪು ಪುಡಿಯನ್ನು ಸುಣ್ಣದೊಂದಿಗೆ ಕಲಸುತ್ತಿದ್ದೆವು. ಆ ಪುಡಿಯೇ ಸುರ್ಕಿ. ಸುಣ್ಣವೂ ಸುರ್ಕಿಯೂ ಸೇರಿದರೆ ಗಾರೆ. ಗೋಡೆ ನಿಲ್ಲುವುದು, ನೆಲ ಗಟ್ಟಿಯಾಗುವುದು, ಬಾವಿಕಟ್ಟೆ ನೀರಿಗೆ ಕರಗದೆ ಉಳಿಯುವುದು ಎಲ್ಲ ಅದರಿಂದಲೇ.

ಆಗ ನಾವು ಹುಟ್ಟಿನಿಂದ ಸಾವಿನವರೆಗೆ ಸುಟ್ಟ ಮಣ್ಣನ್ನು ನಂಬಿದ್ದವರು. ಅನ್ನ ಬೇಯುತ್ತಿದ್ದುದು ಮಡಕೆಯಲ್ಲಿ, ಮೀನು ಬೇಯುತ್ತಿದ್ದುದು ಚಟ್ಟಿಯಲ್ಲಿ. ಕುಡಿಯುವ ನೀರು, ಹೆಪ್ಪು ಹಾಕಿದ ಹಾಲು, ಬಿತ್ತನೆಯ ಕಾಳು ಎಲ್ಲಕ್ಕೂ ಒಂದೊಂದು ಮಣ್ಣಿನ ಪಾತ್ರೆ. ಹೆಣದ ಮುಂದೆ ಹೊತ್ತು ನಡೆಯುವುದೂ ಮಡಕೆಯನ್ನೇ. ಸ್ವಲ್ಪ ಅನುಕೂಲವಿದ್ದ ಮನೆಗಳಿಗೆ ಹಂಚು ಬಂದಿತ್ತು, ಇನ್ನೂ ಅನುಕೂಲವಿದ್ದವರಿಗೆ ಇಟ್ಟಿಗೆಯ ಗೋಡೆ. ಇವೆಲ್ಲದರ ಜೊತೆಗೆ ಬೇರೆ ಸೀಮೆಯವರು ಕಾಣದ ಒಂದು ವಸ್ತು ನಮ್ಮಲ್ಲಿತ್ತು. ಅದು ಮಣ್ಣಿನ ನಾಯಿ. ದೇವರ ಕಾಡಿನಲ್ಲಿರುವ ಅಯ್ಯಪ್ಪ ಬೇಟೆಯ ದೇವರು. ಅವನ ಬೇಟೆಗೆ ನಾಯಿ ಬೇಕು. ಹಸು ಕಾಡಿನಲ್ಲಿ ಕಳೆದು ಹೋದರೆ, ಕೊಟ್ಟಿಗೆಯ ಹತ್ತಿರ ಹುಲಿಯ ಹೆಜ್ಜೆ ಕಂಡರೆ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಒಂದು ನಾಯಿ ಒಪ್ಪಿಸುತ್ತೇವೆ ಎಂದು ಹರಕೆ ಹೊರುತ್ತಿದ್ದರು. ಊರ ಕುಂಬಾರ ಗೇಣುದ್ದದ ನಾಯಿ ಮಾಡಿ ಸುಟ್ಟು ಕೊಡುತ್ತಿದ್ದ. ಅದನ್ನು ಕಾಡಿನ ದೇವರ ಕಲ್ಲಿನ ಮುಂದೆ ಇಟ್ಟು ಬಂದರೆ ಮುಗಿಯಿತು, ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಒಡೆದರೂ ಅಲ್ಲೇ, ಪಾಚಿ ಕಟ್ಟಿದರೂ ಅಲ್ಲೇ. ಅಜ್ಜನ ಅಜ್ಜಂದಿರು ಇಟ್ಟ ನಾಯಿಗಳ ಮೇಲೆ ಅಪ್ಪಂದಿರ ನಾಯಿಗಳು ಬಿದ್ದು, ಅಲ್ಲಿ ಒಂದು ದಿಬ್ಬವೇ ಆಗಿತ್ತು.

ಆ ದಿಬ್ಬವನ್ನು ಖಾಲಿ ಮಾಡಿದವನು ನಾನು.

ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಯಾರ ಮಾನ ಉಳಿಸಲು ಎಂದು ಕೇಳಿದರೆ, ಸತ್ತವರದ್ದಲ್ಲ ಎಂದಷ್ಟೇ ಹೇಳಬಲ್ಲೆ.

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ವರ್ಷಗಳು ಅವು. ಮಡಿಕೇರಿಯಲ್ಲೇ ನಮ್ಮ ಸರ್ಕಾರವಿತ್ತು. ನಮ್ಮೂರು ಮಡಿಕೇರಿಗೂ ಸೋಮವಾರಪೇಟೆಗೂ ನಡುವೆ. ಹೈಸ್ಕೂಲು ಮುಗಿಸಿ ಊರಿಗೆ ಮರಳಿದವನು ನಾನೊಬ್ಬನೇ ಆದ್ದರಿಂದ ತಲೆ ಸ್ವಲ್ಪ ಮೇಲೆಯೇ ಇತ್ತು. ಹುಲ್ಲಿನ ಮಾಡಿನ ಕೆಳಗೆ ನಡೆಯುತ್ತಿದ್ದ ಊರ ಶಾಲೆಗೆ ಆಗ ಪಕ್ಕಾ ಕಟ್ಟಡ ಮಂಜೂರಾಯಿತು. ಅದರ ಉಸ್ತುವಾರಿ ಊರ ತಕ್ಕರ ಪಾಲಿಗೆ ಬಂತು. ನಮ್ಮಲ್ಲಿ ತಕ್ಕರೆಂದರೆ ಊರಿನ ನ್ಯಾಯಕ್ಕೂ ದೇವರ ಕೆಲಸಕ್ಕೂ ಮುಂದೆ ನಿಲ್ಲುವ ಮನೆಯವರು. ಆಗಿನ ತಕ್ಕರು ನನ್ನ ತಾಯಿಯ ಅಣ್ಣ, ನನಗೆ ಸೋದರಮಾವ. ಎಸ್ಟೇಟುಗಳಲ್ಲಿ ಲೆಕ್ಕ ಬರೆಯಲು ರೈಟರ್ ಇರುವಂತೆ ಶಾಲೆಯ ಕೆಲಸಕ್ಕೂ ಒಬ್ಬ ರೈಟರ್ ಇರಲಿ ಎಂದು ಅವರು ನನ್ನನ್ನು ಹಾಕಿದರು. ಕೆಲಸ ಚೆನ್ನಾಗಿ ಮಾಡಿದರೆ ಮಗಳನ್ನೂ ಕೊಡುತ್ತಾರೆ ಎಂಬ ಮಾತು ಎರಡೂ ಮನೆಗಳಲ್ಲಿ ಹೊಗೆಯಾಡುತ್ತಿತ್ತು. ನನಗೂ ಆ ಆಸೆ ಬಲವಾಗಿತ್ತು.

ಇಟ್ಟಿಗೆ, ಸುರ್ಕಿ ಎರಡನ್ನೂ ಒದಗಿಸಬೇಕಾದವನು ಊರ ಕುಂಬಾರ. ನಲವತ್ತು ದಾಟಿದ, ಉದ್ದ ಕೈಗಳ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಕೆರೆಯಂಗಳದ ಮಣ್ಣು ತೆಗೆಯುವ ಹಕ್ಕು ಅವನ ಮನೆಗೆ ತಲೆತಲಾಂತರದಿಂದ ಬಂದಿತ್ತು. ಸುಗ್ಗಿಯ ಹುತ್ತರಿ ಹಬ್ಬ ಮುಗಿದ ಮೇಲೆ ಮನೆಮನೆಯವರೂ ಅವನಿಗೆ ಭತ್ತ ಅಳೆದು ಕೊಡುತ್ತಿದ್ದರು. ಅವನೇನೂ ಸಾಧುವಲ್ಲ. ಸೀಳು ಬಿಟ್ಟ ಮಡಕೆಗೆ ಅರಗು ತುಂಬಿ, ಮಸಿ ಸವರಿ, ಗಟ್ಟಿ ಮಾಲೆಂದು ದಾಟಿಸುವುದರಲ್ಲಿ ಪಳಗಿದ ಕೈ. ಸಿಕ್ಕಿಬಿದ್ದರೆ ನಗುತ್ತಿದ್ದ. "ನಾನ್ ಮಾರಿದಾಗ ಸರಿಯಾಗೇ ಇತ್ತಲ್ಲಕ್ಕಾ, ನಿಮ್ಮನೆ ಜಗಳ ಕೇಳಿ ಸೀಳಿರಬೇಕು" ಎಂದು ಹೆಂಗಸರ ಮೇಲೆಯೇ ತಿರುಗಿಸುತ್ತಿದ್ದ. ಅಡುಗೆಯ ಮಡಕೆಗೆ ಮಣ್ಣು ಕಲಸುವಾಗ ಹಳೆಯ ಒಡಕು ಮಡಕೆಗಳನ್ನು ಪುಡಿ ಮಾಡಿ ಬೆರೆಸುತ್ತಿದ್ದ. ಬೆಂಕಿ ತಡೆಯಲಿ ಎಂದು. ಅದಕ್ಕೂ ಅವನಲ್ಲಿ ಒಂದು ಮಾತಿತ್ತು: "ಹಳೆ ಮಡಕೆ ಪುಡಿ ಇಲ್ದಿದ್ರೆ ಹೊಸ ಮಡಕೆ ಒಲೆ ಮೇಲೆ ಕೂರಲ್ಲ. ಅತ್ತೆ ಇಲ್ದ ಮನೇಲಿ ಸೊಸೆ ಎಗರಾಡೋ ಹಾಗೆ." ಹಳೆ ಮಡಕೆ ಪುಡಿ. ಈ ಮಾತನ್ನು ಊರಿಡೀ ಅವನ ಬಾಯಿಂದ ಕೇಳಿತ್ತು. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಊರು ನೆನಪಿಟ್ಟುಕೊಳ್ಳಲಿಲ್ಲ.

ಅವನು ಕಳಿಸಿದ ಮೊದಲ ಇಟ್ಟಿಗೆಗಳು ಅರೆಬರೆ ಬೆಂದಿದ್ದವು. ನಾನು ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ಬಡಿದು, ಕಿವಿಯ ಹತ್ತಿರ ಹಿಡಿದು, ನಾದವಿಲ್ಲ, ಇವು ಬೇಡ ಎಂದೆ. ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವನು ಸುಮ್ಮನಿರಬೇಕಲ್ಲ. ಗಾರೆಯವರು, ಮಣ್ಣು ಹೊರುವವರು ಎಲ್ಲರ ಎದುರಿಗೆ ಕೈಯನ್ನು ಕಿವಿಗೆ ಹಿಡಿದು, "ರೈಟ್ರಿಗೆ ಇಟ್ಟಿಗೆ ಹಾಡು ಹೇಳ್ತದೆ ಕಣ್ರಪ್ಪಾ. ಎಂತ ಹಾಡು ರೈಟ್ರೆ? ಮಾವನ ಮಗಳ್ದಾ?" ಎಂದ. ಜನ ಸೊಂಟ ಹಿಡಿದು ನಕ್ಕರು. ಅವನು ಹಾಸ್ಯ ಮಾಡದ ಮನುಷ್ಯನೇ ಊರಿನಲ್ಲಿ ಇರಲಿಲ್ಲ. ನಗದೆ ಒಳಗೆ ಇಟ್ಟುಕೊಂಡವನು ಮಾತ್ರ ನಾನೊಬ್ಬನೇ ಇರಬೇಕು.

ಗೋಡೆ ಎದ್ದು, ಮಾಡಿಗೆ ಹಂಚು ಹೊದಿಸಿದ್ದಾಯಿತು. ಉಳಿದದ್ದು ಗಾರೆಯ ನೆಲ. ಮಳೆ ಹಿಡಿಯುವ ಮೊದಲು ನೆಲ ಒಣಗಬೇಕು. ಅಷ್ಟರಲ್ಲಿ ಸುರ್ಕಿ ಮುಗಿಯಿತು. ಕುಂಬಾರ ಹೆಂಡತಿಯ ತವರಿನಲ್ಲಿ ಮದುವೆಯೆಂದು ಹೋದವನು ಅಲ್ಲೇ ಕುಡಿದು ಕೂತಿದ್ದ. ಮಡಕೆ ಇಟ್ಟಿಗೆ ಸುಡುವ ಅವನ ಆವಿಗೆ ತಣ್ಣಗಿತ್ತು. ಮಾವ ಬಂದು ಹಸಿ ನೆಲ ನೋಡಿದರು.

"ಎಂತದಿದು? ಮಕ್ಕಳನ್ನ ಕೆಸರಲ್ಲಿ ಕೂರಿಸ್ತೀಯಾ?"

"ಸುರ್ಕಿ ಇಲ್ಲ ಮಾವ. ಅವನು ಬಂದಿಲ್ಲ."

"ಅವನು ಬರಲಿಲ್ಲ ಅಂತ ಹೇಳೋಕೆ ಹೈಸ್ಕೂಲು ಓದಿದವನೇ ಬೇಕಾ? ಅದಕ್ಕೆ ನಮ್ಮನೆ ದನ ಕಾಯೋನೂ ಸಾಕು" ಎಂದು ಹೇಳಿ ಹೊರಟರು.

ಆ ಮಧ್ಯಾಹ್ನ ಬಿಸಿಲಿಗೆ ತಲೆ ಕಾದು ದೇವರ ಕಾಡಿನ ಅಂಚಿನ ದಾರಿಯಲ್ಲಿ ಮನೆಗೆ ಹೋಗುತ್ತಿದ್ದೆ. ಒಳಗೆ ಹೋಗಲು ಕಾರಣವಿರಲಿಲ್ಲ, ಆದರೂ ಹೋದೆ. ದಿಬ್ಬ ಕಂಡಿತು. ಕಿವಿಗಳು, ಕಾಲುಗಳು, ಸುರುಳಿ ಬಾಲಗಳು, ಮೂತಿ ಮುರಿದ ತಲೆಗಳು. ಎಲ್ಲ ಚೆನ್ನಾಗಿ ಬೆಂದ ಕೆಂಪು ಮಣ್ಣು. ಶಾಲೆಯಲ್ಲಿ ಕಲಿತ ವಿಜ್ಞಾನ ಆಗ ನನ್ನ ನೆರವಿಗೆ ಬಂತು: ಸುಟ್ಟ ಮಣ್ಣು ಸುಟ್ಟ ಮಣ್ಣೇ, ಅದಕ್ಕೆ ನಾಯಿ ಎಂಬ ಆಕಾರ ಕೊಟ್ಟವನು ಮನುಷ್ಯ. ನನಗೆ ದೇವರಲ್ಲಿ ನಂಬಿಕೆ ಇರಲಿಲ್ಲ ಎಂದಲ್ಲ. ಕಲ್ಲಿನ ಎದುರಿಗಿದ್ದ ಹೊಸ ನಾಯಿಗಳನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ. ಹಳೆಯದಾದರೆ ಹರಕೆಯ ಕಾವು ಆರಿರುತ್ತದೆ ಎಂದು ನಾನೇ ಒಂದು ಶಾಸ್ತ್ರ ಮಾಡಿಕೊಂಡೆ. ಊರು ಉಂಡು ಮಲಗುವ ಮಧ್ಯಾಹ್ನಗಳಲ್ಲಿ ಗೋಣಿಚೀಲ ತೆಗೆದುಕೊಂಡು ಹೋಗಿ, ಗುರುತು ಸಿಗದಂತೆ ಅಲ್ಲೇ ಕಲ್ಲಿನಿಂದ ಜಜ್ಜಿ, ಹೊತ್ತು ತಂದು ಇಟ್ಟಿಗೆ ಚೂರಿನ ರಾಶಿಗೆ ಬೆರೆಸಿದೆ. ಕುಟ್ಟುವವರು ಎಸ್ಟೇಟಿನ ಕೂಲಿ ಲೈನುಗಳಿಂದ ಬರುತ್ತಿದ್ದ ತಮಿಳು ಹೆಂಗಸರು. ಅವರಲ್ಲೊಬ್ಬಳು ಬಾಲದಂತೆ ಸುರುಳಿಯಾದ ಒಂದು ತುಂಡನ್ನು ಎತ್ತಿ ಹಿಡಿದಳು.

"ಅಯ್ಯಾ, ಇದು ನಾಯಿ ವಾಲು ಮಾದಿರಿ ಇದೆ."

"ಹಂಚಿನ ಮೂಲೆ ಅದು. ಕುಟ್ಟು."

ಅವಳು ಕುಟ್ಟಿದಳು. ನೆಲ ಸೊಗಸಾಗಿ ಬಂತು. ಮಾವ ಬರಿಗಾಲಿನಲ್ಲಿ ಅದರ ಮೇಲೆ ಓಡಾಡಿ ನೋಡಿ, ನನ್ನ ಬೆನ್ನು ತಟ್ಟಿದರು.

ದೇವರ ಕಾಡಿನಲ್ಲಿ ವರ್ಷಕ್ಕೊಮ್ಮೆ ಮಳೆಗೆ ಮೊದಲು ಪೂಜೆ. ಆ ದಿನ ಹಿರಿಯರೆಲ್ಲ ಒಳಗೆ ಹೋದರು. ಕಲ್ಲಿನ ಮುಂದೆ ಹೊಸ ನಾಯಿಗಳು ಮಾತ್ರ ಇದ್ದವು. ಹಿಂದಿನ ದಿಬ್ಬವಿದ್ದಲ್ಲಿ ಬರಿಯ ಕರಿಮಣ್ಣು, ಅದರಲ್ಲಿ ಜಜ್ಜಿದ ಪುಡಿಯ ಕೆಂಪು. ಪೂಜೆ ಅರ್ಧಕ್ಕೇ ನಿಂತಿತು. ಹರಕೆಯವರು ಕಲ್ಲಿನ ಮುಂದಿನಿಂದಲೇ ಮರಳುತ್ತಿದ್ದುದರಿಂದ, ವರ್ಷದಲ್ಲಿ ಯಾವಾಗ ಇದಾಯಿತೆಂದು ಯಾರಿಗೂ ತಿಳಿಯಲಿಲ್ಲ.

ಸಂಜೆಯೊಳಗೆ ಊರು ಅಂಬಲದಲ್ಲಿ ಸೇರಿತು. ಅಂಬಲವೆಂದರೆ ಊರ ಹಿರಿಯರು ಕೂರುವ, ನಾಲ್ಕು ಕಡೆಯೂ ತೆರೆದ ಜಗಲಿ. ಹೆಂಗಸರು ದೂರದಲ್ಲಿ ನಿಂತಿದ್ದರು. ಸುಟ್ಟ ಮಣ್ಣು ಯಾರಿಗೆ ಬೇಕು ಎಂದು ಯಾರೋ ಕೇಳಿದರು. ಆ ಪ್ರಶ್ನೆಗೆ ಊರಿನಲ್ಲಿ ಇದ್ದದ್ದು ಎರಡು ಉತ್ತರ. ಒಬ್ಬ ಕುಂಬಾರ, ಇನ್ನೊಬ್ಬ ನಾನು. ನನ್ನ ಕಡೆ ಯಾರೂ ನೋಡಲಿಲ್ಲ. ತಕ್ಕರ ಸೋದರಳಿಯ, ಓದಿದವನು, ಶಾಲೆ ಕಟ್ಟಿಸುವವನು. ಅರಗು ತುಂಬಿ ಮಡಕೆ ಮಾರುವವನನ್ನು ಎಲ್ಲರೂ ನೋಡಿದರು.

ಮದುವೆ ಮುಗಿಸಿ ಆಗಷ್ಟೇ ಊರಿಗೆ ಮರಳಿದ್ದ ಅವನಿಗೆ ಮೊದಲು ನಗುವೇ ಬಂತು. "ನಾನ್ ಮಾಡಿದ ನಾಯೀನ ನಾನೇ ಕದೀತೀನಾ? ಬೇಕಾದ್ರೆ ಇನ್ನೊಂದು ಮಾಡ್ಕೊಳಲ್ವಾ?" ಎಂದ. ಯಾರೂ ನಗಲಿಲ್ಲ. ಒಬ್ಬ ಹಿರಿಯರು, "ನಿನ್ನ ಮಡಕೆಗೆ ಪುಡಿ ಹಾಕ್ತೀಯಲ್ಲ, ಅದೆಲ್ಲಿಂದ ಬರ್ತದೆ?" ಎಂದರು. ಆಗ ಅವನ ಮುಖದಿಂದ ನಗು ಇಳಿಯಿತು.

"ಅದು ಹಳೆ ಮಡಕೆ ಪುಡಿ. ನಿಮ್ಮ ಮನೆಗಳದ್ದೇ ಒಡಕು ಮಡಕೆ. ರೈಟ್ರನ್ನ ಕೇಳಿ, ದಿನಾ ನನ್ನ ಆವಿಗೆ ಹತ್ರ ಬರೋರು ಅವ್ರು. ಎಂತ ಕಲಸ್ತೀನಿ ಅಂತ ಕಣ್ಣಾರೆ ನೋಡಿದ್ದಾರೆ. ಅವ್ರು ಹೇಳಲಿ, ನಾನು ಒಪ್ತೀನಿ."

ಮಾವ ನನ್ನತ್ತ ತಿರುಗಿದರು. "ಎಂತ ಕಲಸ್ತಾನೆ? ನೋಡಿದ್ದೀಯಾ?"

ನಾನು ಎದ್ದು ನಿಂತೆ. "ನೋಡಿದ್ದೀನಿ. ಸುಟ್ಟ ಮಣ್ಣಿನ ಪುಡಿ ಕಲಸ್ತಾನೆ" ಎಂದೆ.

ಸುಳ್ಳಲ್ಲ. ಒಡಕು ಮಡಕೆಯೂ ಸುಟ್ಟ ಮಣ್ಣೇ. ಪರೀಕ್ಷೆಯ ಉತ್ತರದಂತೆ ಎಲ್ಲಿಯೂ ತಪ್ಪಿಲ್ಲದ ಮಾತು ಅದು. ಆದರೆ ಆ ಹೊತ್ತಿನಲ್ಲಿ ಆ ಜನರಿಗೆ ಸುಟ್ಟ ಮಣ್ಣು ಎಂದರೆ ಒಂದೇ ಅರ್ಥ, ಅದು ನನಗೆ ತಿಳಿದಿತ್ತು. ತಿಳಿದೇ ಆ ಮಾತನ್ನು ಆರಿಸಿದೆ.

"ಎಂತ ರೈಟ್ರೆ, ಪುಸ್ತಕದ ಹಾಗೆ ಹೇಳ್ತೀರಿ. ಹಳೆ ಮಡಕೆ ಅನ್ನಿ" ಎಂದ ಅವನು.

ನಾನು ಮಾವನ ಕಡೆ ತಿರುಗಿದೆ.

"ಹಳೆ ಮಡಕೆ ಅನ್ನಿ ರೈಟ್ರೆ. ಆ ಒಂದು ಮಾತು ಅನ್ನಿ, ಸಾಕು."

ನಾನು ಅಂಬಲದ ಕಂಬ ನೋಡುತ್ತಾ ಕೂತುಬಿಟ್ಟೆ. ಕೂತಾಗ ನನಗೆ ಆದದ್ದು ಭಯವೊಂದೇ ಅಲ್ಲ. ಇಟ್ಟಿಗೆಯ ಹಾಡು ಎಂದು ಅವನು ನಗಿಸಿದ ದಿನದ ಉರಿಗೆ ಸ್ವಲ್ಪ ತಣ್ಣೀರು ಬಿದ್ದ ಹಾಗೂ ಆಯಿತು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾದದ್ದು ಈ ಒಂದು ವಾಕ್ಯಕ್ಕಾಗಿ. ಹೆದರಿದವನನ್ನು ಜನ ಕ್ಷಮಿಸಿಯಾರು. ಖುಷಿಪಟ್ಟವನನ್ನು ಯಾರು ಕ್ಷಮಿಸುತ್ತಾರೆ?

ತೀರ್ಮಾನವಾಯಿತು. ಕುಂಬಾರ ಇನ್ನು ಊರ ಕೆರೆಯ ಮಣ್ಣು ಮುಟ್ಟಬಾರದು, ದೇವರ ಕಾಡಿಗೆ ಅವನ ಕೈಯ ನಾಯಿ ಸೇರಬಾರದು. ಊರು ಬಿಡು ಎಂದು ಯಾರೂ ಹೇಳಲಿಲ್ಲ. ಮಣ್ಣು ಮುಟ್ಟಬೇಡ ಎಂದ ಮೇಲೆ ಕುಂಬಾರನಿಗೆ ಅದನ್ನು ಬೇರೆ ಹೇಳಬೇಕೆ?

ಆದರೆ ಊರಿಗೆ ಅದರಿಂದ ನೆಮ್ಮದಿ ಸಿಗಲಿಲ್ಲ. ದೇವರ ನಾಯಿಗಳು ಮಡಕೆಗಳಲ್ಲಿ ಸೇರಿವೆ ಎಂದ ಮೇಲೆ, ಇಷ್ಟು ದಿನ ಅನ್ನ ಬೇಯಿಸಿದ್ದು ಯಾವುದರಲ್ಲಿ? ಮರುದಿನ ಬೆಳಿಗ್ಗೆ ಪ್ರತಿ ಮನೆಯ ಹೆಂಗಸರೂ ಅಡುಗೆಮನೆಯ ಮಡಕೆ, ಚಟ್ಟಿ, ನೀರಿನ ಕೊಡಗಳನ್ನು ಅಂಗಳಕ್ಕೆ ತಂದರು. ನನ್ನ ತಾಯಿಯೂ ತಂದಳು. ಮಜ್ಜಿಗೆಯ ಮಡಕೆಯೊಂದು ಅವಳಿಗೆ ಬಲು ಅಚ್ಚುಮೆಚ್ಚು. ಅದರಲ್ಲಿ ಹಾಕಿದ ಹೆಪ್ಪು ಕೆಟ್ಟದ್ದೇ ಇಲ್ಲ ಎನ್ನುತ್ತಿದ್ದಳು. ಅದನ್ನು ಸೆರಗಿನಿಂದ ಒರೆಸಿ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕಲ್ಲಿಗೆ ಅಪ್ಪಳಿಸಿದಳು. "ನಿನ್ನ ತಂದೆಗೆ ಜ್ವರ ಬಂದಾಗ ಹರಕೆ ಇಟ್ಟ ನಾಯಿನೇ ಇದರಲ್ಲಿ ಇತ್ತೋ ಎಂತೋ" ಎಂದು ಅತ್ತಳು. ನಾನು ಪಕ್ಕದಲ್ಲೇ ನಿಂತಿದ್ದೆ. ಚೂರು ಬಾಚಿ ಬುಟ್ಟಿಗೆ ತುಂಬಿಕೊಟ್ಟೆ. ಊರಿಗೆ ಊರೇ ಆ ಚೂರುಗಳನ್ನು ಹೊತ್ತು ದೇವರ ಕಾಡಿಗೆ ಹೋಗಿ, ದಿಬ್ಬವಿದ್ದ ಜಾಗದಲ್ಲಿ ಸುರಿದು, ತಪ್ಪಾಯಿತೆಂದು ಅಡ್ಡಬಿದ್ದಿತು. ಮಸಿ ಹಿಡಿದ ಸಾರಿನ ಚಟ್ಟಿಗಳಿಗೆ ಅಲ್ಲಿ ಪೂಜೆಯಾಯಿತು. ಹರಕೆಯ ನಾಯಿಗಳು ಶಾಲೆಯ ನೆಲವಾಗಿ ಮಕ್ಕಳ ಕಾಲ ಕೆಳಗೆ ಬಿದ್ದಿದ್ದವು. ಕಟ್ಟಡ ನೋಡಲು ಮಡಿಕೇರಿಯಿಂದ ಬಂದ ಅಧಿಕಾರಿ ನೆಲವನ್ನೇ ಎಲ್ಲಕ್ಕಿಂತ ಹೆಚ್ಚು ಹೊಗಳಿದರು.

ಹೊಸ ಮಡಕೆ ಮಾಡುವವನು ಇರಲಿಲ್ಲವಲ್ಲ, ಸೋಮವಾರಪೇಟೆಯ ಸಂತೆಯಿಂದ ಅಲ್ಯುಮಿನಿಯಂ ಬಂತು. ಅನ್ನ ತಳ ಹಿಡಿಯುತ್ತದೆ ಎಂದು ಹೆಂಗಸರು ಗೊಣಗಿದರು, ಆಮೇಲೆ ಅದಕ್ಕೂ ಒಗ್ಗಿದರು. ಕುಂಬಾರನ ಸಂಸಾರ ಮಳೆ ಶುರುವಾಗುವುದರೊಳಗೆ ಮಡಕೆ ತಿರುಗಿಸುವ ತಿಗರಿಯನ್ನು ಗಾಡಿಗೆ ಕಟ್ಟಿಕೊಂಡು ಹೊರಟಿತು. ಅಂಬಲದ ಮುಂದೆ ಹಾಯುವಾಗ ಅವನು ಯಾರನ್ನೂ ಬಯ್ಯಲಿಲ್ಲ. ಅಷ್ಟು ಮಾತಾಡುವವನು ಮಾತಾಡದೆ ಹೋದದ್ದು ಊರಿಗೆ ಅವನ ತಪ್ಪಿನ ಗುರುತಾಗಿ ಕಂಡಿತು.

ಅವರು ಹೋಗಿದ್ದು ಆಗ ಫ್ರೇಜರ್‌ಪೇಟೆ ಎನ್ನುತ್ತಿದ್ದ ಕುಶಾಲನಗರಕ್ಕೆ, ಕಾವೇರಿ ದಂಡೆಯ ಇಟ್ಟಿಗೆ ಗೂಡುಗಳ ಕೂಲಿಗೆ. ಇದು ಮೂರು ನಾಲ್ಕು ವರ್ಷಗಳ ನಂತರ, ಕೊಡಗು ಮೈಸೂರಿಗೆ ಸೇರುತ್ತದೆಂಬ ಮಾತು ಎಲ್ಲ ಕಡೆ ಎದ್ದಿದ್ದ ವರ್ಷದಲ್ಲಿ ನನಗೆ ತಿಳಿಯಿತು. ಮಾವನ ಮನೆಗೆ ಹೊಸ ಕಣ ಮಾಡಿಸಲು ಇಟ್ಟಿಗೆ ಹುಡುಕಿಕೊಂಡು ನಾನೇ ಅಲ್ಲಿಗೆ ಹೋಗಿದ್ದೆ. ಗೂಡಿನ ಪಕ್ಕದ ಗುಡಿಸಲಿನ ಮುಂದೆ ಅವನ ಹೆಂಡತಿ ಹಸಿ ಇಟ್ಟಿಗೆ ಮಗುಚಿ ಒಣಗಲು ಇಡುತ್ತಿದ್ದಳು. ನನ್ನನ್ನು ಗುರುತು ಹಿಡಿದು, ಕೈಯ ಕೆಸರು ತೊಳೆದು, ಕೂರಲು ಚಾಪೆ ಹಾಕಿದಳು. ಅವನೆಲ್ಲಿ ಎಂದು ಕೇಳಿದೆ.

"ಹೋದ ಮಳೆಗಾಲ ತೀರಿಕೊಂಡ್ರು ರೈಟ್ರೆ. ನಿಮ್ಮೂರಿಗೆ ಸುದ್ದಿ ಬರಲಿಲ್ವಾ?"

ಬಂದಿರಲಿಲ್ಲ, ಅಥವಾ ಬಂದರೂ ಯಾರಿಗೂ ಹೇಳಬೇಕೆನಿಸಿರಲಿಲ್ಲ. ಅವಳು ತಾನಾಗಿಯೇ ಮಾತು ಮುಂದುವರಿಸಿದಳು. ಇಲ್ಲಿಗೆ ಬಂದ ಮೇಲೆ ಅವನು ಪ್ರತಿ ವರ್ಷ ಒಂದು ನಾಯಿ ಮಾಡಿ, ಸುಟ್ಟು, ಯಾವುದೋ ಬೇರೆ ಊರಿನ ದೇವರ ಕಾಡಿಗೆ ಕದ್ದು ಇಟ್ಟು ಬರುತ್ತಿದ್ದನಂತೆ.

"ಎಂತಕ್ಕೆ?" ಎಂದೆ.

"ತಪ್ಪು ಕಾಣಿಕೆ. ಅವ್ರೇ ಹೇಳ್ತಿದ್ರು, ನಂಗೆ ಗೊತ್ತಿಲ್ದೆ ಆಗಿರ್ಬೇಕು ಕಣೆ, ಮಳೆ ನೀರಲ್ಲಿ ನಾಯಿ ಚೂರು ಕೆರೆಗೆ ಇಳಿದು ನನ್ನ ಮಣ್ಣಿಗೆ ಸೇರಿರಬೇಕು ಅಂತ. ನಾನು ಹಾಗೇನೂ ಇಲ್ಲ ಅಂದ್ರೂ ನಂಬ್ತಿರಲಿಲ್ಲ. ಓದಿದೋರು, ರೈಟ್ರು, ನಂಗೋಸ್ಕರ ಒಂದು ಮಾತು ಆಡ್ಲಿಲ್ಲ ಅಂದ್ರೆ ಎಂತದೋ ನೋಡೇ ಇರ್ಬೇಕು ಅಂತಿದ್ರು."

ನಾನು ಅಲ್ಲೇ ಹೇಳಿದೆ. ಗೋಣಿಚೀಲ, ಕಲ್ಲು, ಸುರ್ಕಿ, ಶಾಲೆಯ ನೆಲ ಎಲ್ಲ ಹೇಳಿದೆ. ಅವಳು ಬಯ್ಯುತ್ತಾಳೆ, ಕಾಲಿಗೆ ಬೀಳಬೇಕಾಗುತ್ತದೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಸಾಲಿನ ಇಟ್ಟಿಗೆಯೊಂದನ್ನು ಮಗುಚಿಟ್ಟು, ನನ್ನ ಕಡೆ ತಿರುಗಿದಳು.

"ಇದನ್ನ ನನ್ನ ಹತ್ರ ಹೇಳಿ ಎಂತ ಮಾಡ್ಲಿ ರೈಟ್ರೆ? ಅವ್ರನ್ನ ಎಲ್ಲಿ ನಿಲ್ಲಿಸಿ ಕೇಳಿದ್ರೋ ಅಲ್ಲಿ ಹೇಳಿ. ನಾನೂ ಬರ್ತೀನಿ. ಯಾವತ್ತು ಬರ್ಲಿ?"

"ಹುತ್ತರಿ ಕಳೆದ ಸೋಮವಾರ ಅಂಬಲದಲ್ಲಿ ಊರು ಸೇರ್ತದೆ" ಎಂದೆ. ಹೇಳುವಾಗ ಹೇಳಿಯೇ ತೀರುತ್ತೇನೆ ಎಂದು ನನಗೂ ಅನಿಸಿತ್ತು.

ಹುತ್ತರಿಯ ಕದಿರು ತೆಗೆದ ಮರುದಿನ ಮಾವ ನಮ್ಮ ಮನೆಗೆ ಬಂದು, ಮಗಳ ಮದುವೆಯ ಮಾತನ್ನು ಅಧಿಕೃತವಾಗಿ ಎತ್ತಿದರು. ಒಳಗಿನಿಂದ ನನ್ನ ತಾಯಿಯ ನಗು ಕೇಳಿಸುತ್ತಿತ್ತು. ಆ ಸೋಮವಾರ ಬೆಳಿಗ್ಗೆ ಏಲಕ್ಕಿ ಮಾರುವ ನೆಪ ಮಾಡಿ ನಾನು ಸೋಮವಾರಪೇಟೆಯ ಬಸ್ಸು ಹತ್ತಿದೆ. ಸಂತೆಯಲ್ಲಿ ಸುಮ್ಮನೆ ಅಡ್ಡಾಡಿದೆ. ಹೋಟೆಲಿನಲ್ಲಿ ಕೂತು ಕಾಫಿಯ ಮೇಲೆ ಕಾಫಿ ಕುಡಿದೆ. ಊರಿನ ಯಾರೋ ಕಂಡಾಗ ಮರೆಗೆ ಸರಿದೆ. ಕತ್ತಲಾಗುವ ಮುಂಚಿನ ಬಸ್ಸಿಗೆ ಮರಳಿದೆ.

ತಾಯಿ ಊಟಕ್ಕೆ ಬಡಿಸುತ್ತಾ ಹೇಳಿದಳು: "ಇವತ್ತು ಆ ಕುಂಬಾರ್ತಿ ಬಂದಿದ್ಲು ಕಣೋ. ಒಳ್ಳೆ ಸೀರೆ ಉಟ್ಕೊಂಡು ಬಂದು ಅಂಬಲದ ಮೆಟ್ಟಲ ಮೇಲೆ ಕೂತಿದ್ಲು. ನಿನ್ನ ಕೇಳಿದ್ಲು. ತಕ್ಕರು ಎಂತಕ್ಕೆ ಬಂದೆ ಅಂತ ಕೇಳಿದ್ರೂ ಬಾಯಿ ಬಿಡ್ಲಿಲ್ಲ, ರೈಟ್ರು ಬರಲಿ ಅಂದ್ಲು. ಊರೆಲ್ಲ ಎದ್ದು ಹೋದ ಮೇಲೂ ಕೂತಿದ್ಲು. ಕಡೆಗೆ ಬಸ್ಸು ತಪ್ಪಿಹೋಗ್ತದೆ ಅಂತ ಎದ್ದು ಹೋದ್ಲು. ಒಂದು ಲೋಟ ನೀರೂ ಕುಡೀಲಿಲ್ಲ. ಎಂತಕ್ಕೆ ಬಂದಿದ್ಲು ಅಂತ ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ" ಎಂದೆ.

ಅಂಬಲದಲ್ಲಿ ಅವಳ ಗಂಡನ ಮುಂದೆ ನಾನು ಆಡಿದ್ದು ಅಕ್ಷರಕ್ಕೆ ನಿಜವಾದರೂ ಆಗಿತ್ತು. ಇದಕ್ಕೆ ಆ ಮರೆಯೂ ಇರಲಿಲ್ಲ. ತಾಯಿ ಇನ್ನೊಂದು ಸೌಟು ಅನ್ನ ಹಾಕಿದಳು. ಬೇಡ ಎನ್ನದೆ ಉಂಡೆ.